ಅನ್ಯಭಾಷೆಯ ಪ್ರಾರ್ಥನೆ: ಅದು ಯಾರಿಗಾಗಿ?

ಆಲ್ಫ್ರೆಡ್ ಗಾರ್ ಮತ್ತು ಲಿಲಿಯನ್ ಗಾರ್ ಎಂಬ ಅಮೆರಿಕದ ಗಂಡಹೆಂಡತಿ ಕಲ್ಕತ್ತೆಗೆ ಬಂದಿಳಿದದ್ದು 1906 ಮುಗಿದು 1907 ಹುಟ್ಟುವ ಹೊತ್ತಿಗೆ. ಅದಕ್ಕೆ ಕೆಲವು ತಿಂಗಳ ಮುಂಚೆ ಲಾಸ್ ಏಂಜಲೀಸ್ ನಗರದ ಅಜುಸಾ ಬೀದಿಯ ಪ್ರಾರ್ಥನಾ ಕೂಟದಲ್ಲಿ ಗಾರ್ ಅವರ ಬಾಯಿಂದ ಅವರಿಗೇ ತಿಳಿಯದ ಮಾತು, ಪೆಂತೆಕೊಸ್ತರು ಅನ್ಯಭಾಷೆ ಎನ್ನುವಂಥದು, ಹೊರಟಿತ್ತು. ಅದು ಬಂಗಾಳಿ ಎಂದು ಅವರು ನಂಬಿದರು. ಪಾದ್ರಿಗಳು ವರ್ಷಗಟ್ಟಲೆ ಮುನ್ಷಿಗಳ ಮುಂದೆ ಕೂತು ಕಲಿಯುವ ಭಾಷೆಯನ್ನು ದೇವರು ಒಂದೇ ಗಳಿಗೆಯಲ್ಲಿ ಕೊಟ್ಟಿದ್ದಾನೆ, ಇನ್ನು ಹೋಗಿ ಬಾಯಿ ತೆರೆದರೆ ಸಾಕು ಎಂಬ ಧೈರ್ಯದಿಂದ ಹಡಗು ಹತ್ತಿದರು. ಕಲ್ಕತ್ತೆಯಲ್ಲಿ ಬಾಯಿ ತೆರೆದಾಗ ಬಂಗಾಳಿಗಳಿಗೆ ಒಂದಕ್ಷರವೂ ತಿಳಿಯಲಿಲ್ಲ.

ಇಷ್ಟಾದ ಮೇಲೆ ಬಹಳ ಮಂದಿ ಊರಿಗೆ ಮರಳಿ, ನಡೆದದ್ದೆಲ್ಲ ಭ್ರಮೆ ಎಂದು ಕೈತೊಳೆದುಕೊಳ್ಳುತ್ತಿದ್ದರು. ಗಾರ್ ಹಾಗೆ ಮಾಡಲಿಲ್ಲ. ಕೆಲಕಾಲ ಭಾರತದಲ್ಲೇ ನಿಂತರು, ಮುಂದೆ ಹಾಂಗ್‌ಕಾಂಗಿಗೆ ಹೋದರು, ಅಲ್ಲಿ ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೋಧಿಸಿದರು. ಅನ್ಯಭಾಷೆಯ ಅನುಭವವನ್ನು ಬಿಡಲಿಲ್ಲ, ಅದಕ್ಕೆ ಹಚ್ಚಿದ್ದ ಅರ್ಥವನ್ನು ಮಾತ್ರ ಬದಲಾಯಿಸಿಕೊಂಡರು. ಊರೂರಿನ ಜನಕ್ಕೆ ಉಪದೇಶ ಮಾಡುವ ಸಾಧನವೆಂದು ಹಿಂದೆ ತಿಳಿದದ್ದನ್ನು ಈಗ ದೇವರ ಎದುರು ಸ್ತುತಿಸುವ, ಬೇಡುವ ಮಾತೆಂದು ಹೇಳತೊಡಗಿದರು.

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಕೂತು ಅನ್ಯಭಾಷೆಯ ಪ್ರಾರ್ಥನೆಯ ಉದ್ದೇಶವೇನು ಎಂದು ಕೇಳುವವರು ಈ ಘಟನೆಯಿಂದ ಹೊರಡುವುದು ಒಳ್ಳೆಯದು. ಏಕೆಂದರೆ ಈ ಭಾಗದಲ್ಲೂ ಆ ಮಾತು ಕೇಳಿಸುತ್ತದೆ. ಪೆಂತೆಕೊಸ್ತ್ ಸಭೆಗಳಲ್ಲಿ ಹಾಡು ಮುಗಿದು ಎಲ್ಲರೂ ಒಟ್ಟಿಗೆ ದನಿಯೆತ್ತಿ ಪ್ರಾರ್ಥಿಸುವ ಒಂದು ಹೊತ್ತಿರುತ್ತದೆ. ಒಬ್ಬರು ಮಗನ ಕೆಲಸಕ್ಕಾಗಿ, ಇನ್ನೊಬ್ಬರು ಗಂಡನ ಕುಡಿತ ಬಿಡಲೆಂದು ‘ಯೇಸಪ್ಪಾ’ ಎಂದು ಕರೆದು ಕೇಳುತ್ತಿರುವಾಗ, ಯಾರೋ ಒಬ್ಬಾಕೆಯ ಕನ್ನಡ ನಿಂತು ಅದರ ಜಾಗದಲ್ಲಿ ಯಾವ ಭಾಷೆಗೂ ಸೇರದ ಪದಗಳ ಸರಣಿ ಹರಿಯತೊಡಗುತ್ತದೆ. ಸಭೆಯವರು ಅದನ್ನು ಅಭಿಷೇಕ ಎನ್ನುತ್ತಾರೆ, ಆತ್ಮನಲ್ಲಿ ಪ್ರಾರ್ಥಿಸುವುದು ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಕೇಳಿದ ಹೊರಗಿನವರಿಗೆ ಗಾಬರಿಯಾಗುತ್ತದೆ. ಅದೇ ಊರಿನ ಹಳೆಯ ಕ್ರೈಸ್ತ ಮನೆತನದವರಿಗೂ, ಮೆಥೋಡಿಸ್ಟರೋ ಬಾಸೆಲ್ ಮಿಶನ್ ಪರಂಪರೆಯವರೋ ಆದವರಿಗೂ, ಮುಜುಗರವಾಗುವುದುಂಟು. ಅರ್ಥವಾಗದ ಮಾತಿನಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಎರಡೂ ಕಡೆಯವರದು.

ಈ ಪ್ರಶ್ನೆ ಕೊರಿಂಥ ಪಟ್ಟಣದಷ್ಟು ಹಳೆಯದು. ಗ್ರೀಸಿನ ಆ ಬಂದರು ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಕ್ರಿ.ಶ. 55ರ ಸುಮಾರಿಗೆ ಎಫೆಸದಿಂದ ಕಾಗದ ಬರೆದ. ಅದರ 12ರಿಂದ 14ರವರೆಗಿನ ಅಧ್ಯಾಯಗಳನ್ನು ಬಿಡಿಬಿಡಿ ವಾಕ್ಯಗಳಾಗಿ ಓದದೆ ಒಂದೇ ಬೀಸಿನಲ್ಲಿ ಓದಬೇಕು. ಸಭೆಯಲ್ಲಿ ಕೆಲವರು ಅನ್ಯಭಾಷೆಯಲ್ಲಿ ಮಾತಾಡುತ್ತಿದ್ದರು, ಅದನ್ನೇ ದೊಡ್ಡಸ್ತಿಕೆಯ ಗುರುತು ಮಾಡಿಕೊಂಡಿದ್ದರು. ಪೌಲ ಅದನ್ನು ನಿಷೇಧಿಸಲಿಲ್ಲ. ತಾನು ಅವರೆಲ್ಲರಿಗಿಂತ ಹೆಚ್ಚು ಆ ಮಾತನ್ನಾಡುವವನೆಂದು ಹೇಳಿಯೂ ಕೊಂಡ. ಆದರೆ ಅದರ ದಾರಿಯನ್ನು ಗೊತ್ತುಪಡಿಸಿದ. ಆ ಮಾತು ಮನುಷ್ಯರ ಕಡೆಗೆ ಹೋಗುವಂಥದಲ್ಲ, ದೇವರ ಕಡೆಗೆ ಹೋಗುವಂಥದು. ಆಡಿದವನಿಗೆ ಅದರಿಂದ ಬಲ ಬರುತ್ತದೆ, ಕೇಳಿದವನಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಕೂಟದಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಸರದಿಯಂತೆ ಆಡಲಿ, ಒಬ್ಬ ಅದರ ಅರ್ಥ ಬಿಡಿಸಿ ಹೇಳಲಿ. ಅರ್ಥ ಹೇಳುವವನಿಲ್ಲದಿದ್ದರೆ ಆಡುವವನು ಸಭೆಯಲ್ಲಿ ಸುಮ್ಮನಿದ್ದು, ತನಗೂ ದೇವರಿಗೂ ಮಾತ್ರ ಕೇಳುವಂತೆ ಆಡಿಕೊಳ್ಳಲಿ. ಸಭೆಯಲ್ಲಿ ತಿಳಿಯದ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಮೇಲು ಎಂಬುದು ಅವನ ಲೆಕ್ಕ. ಹೊರಗಿನವನು ಒಳಗೆ ಬಂದು ನಿಮಗೆ ಹುಚ್ಚು ಹಿಡಿದಿದೆ ಎನ್ನಲಾರನೇ ಎಂದು ಅವನು ಕೇಳಿದ್ದು, ಇಂದು ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಗಾಬರಿಯಾಗಿ ನಿಂತವರ ಪರವಾಗಿಯೂ ಇದೆ. ಪ್ರೀತಿಯ ಬಗೆಗಿನ 13ನೆಯ ಅಧ್ಯಾಯವನ್ನು ಮದುವೆಗಳಲ್ಲಿ ಓದುವುದು ರೂಢಿಯಾಗಿದೆ. ಅದು ಹುಟ್ಟಿದ್ದು ಮದುವೆಗಾಗಿ ಅಲ್ಲ, ಅನ್ಯಭಾಷೆಯ ಜಗಳದ ನಡುವೆ.

ಪಂಚಾಶತ್ತಮ ದಿನದ, ಅಂದರೆ ಪೆಂತೆಕೊಸ್ತ್ ಹಬ್ಬದ, ಕಥೆ ಬೇರೆ. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಯೆರೂಸಲೇಮಿಗೆ ಹಲವು ಸೀಮೆಗಳಿಂದ ಬಂದಿದ್ದ ಯೆಹೂದ್ಯರು ತಂತಮ್ಮ ಹುಟ್ಟುನಾಡಿನ ಭಾಷೆಯನ್ನೇ ಗಲಿಲಾಯದ ಬೆಸ್ತರ ಬಾಯಲ್ಲಿ ಕೇಳುತ್ತಾರೆ. ಅಲ್ಲಿ ಕೇಳುವವರಿಗೆ ಮಾತು ಅರ್ಥವಾಗುತ್ತದೆ, ಕೊರಿಂಥದಲ್ಲಿ ಅರ್ಥವಾಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ಹಿಡಿದದ್ದರಿಂದ ಗಾರ್ ದಂಪತಿ ಹಡಗು ಹತ್ತಿದರು. ಹಾಗೆ ತಿಳಿದವರು ಅವರಿಬ್ಬರೇ ಅಲ್ಲ. 1901ರ ಜನವರಿ 1ರಂದು ಕ್ಯಾನ್ಸಾಸ್ ರಾಜ್ಯದ ಟೊಪೀಕದಲ್ಲಿ ಆಗ್ನೆಸ್ ಓಜ್‌ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದಾಗ, ಆಕೆಯ ಗುರು ಚಾರ್ಲ್ಸ್ ಪಾರ್ಹಮ್ ಅದನ್ನು ಎರಡು ತೀರ್ಮಾನಗಳಿಗೆ ಕಟ್ಟಿದರು. ಇದು ಪವಿತ್ರಾತ್ಮನ ಅಭಿಷೇಕಕ್ಕೆ ಸಾಕ್ಷಿ ಎಂಬುದು ಒಂದು, ಇದರಿಂದ ಮಿಷನರಿಗಳು ಕಲಿಯದೆಯೇ ಪರದೇಶದ ಭಾಷೆ ಆಡಬಲ್ಲರು ಎಂಬುದು ಇನ್ನೊಂದು. ಎರಡನೆಯದು ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಮೊದಲನೆಯದನ್ನು ಅಜುಸಾ ಬೀದಿಯ ಮುಖಂಡ ವಿಲಿಯಂ ಸೀಮೋರ್ ಅವರೇ ಮುಂದೆ ಸಡಿಲಿಸಿದರು. ಗುಲಾಮರಾಗಿದ್ದ ಕರಿಯ ತಂದೆತಾಯಿಯ ಮಗ ಸೀಮೋರ್. 1906ರ ಏಪ್ರಿಲಿನಲ್ಲಿ ಶುರುವಾದ ಅವರ ಕೂಟದಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಮೊಣಕಾಲೂರಿದ್ದನ್ನು ನೋಡಲು ಬಂದ ಪಾರ್ಹಮ್‌ಗೆ ಅದು ಸಹಿಸಲಿಲ್ಲ. ಅನ್ಯಭಾಷೆ ಆಡಬಲ್ಲವನಿಗೂ ಅಣ್ಣತಮ್ಮನ ಬಣ್ಣ ಸಹಿಸುವುದಿಲ್ಲವಾದರೆ ಅದನ್ನು ಅಭಿಷೇಕದ ಸಾಕ್ಷಿ ಎನ್ನುವುದು ಹೇಗೆ ಎಂಬ ಸಂಕಟ ಸೀಮೋರ್ ಅವರನ್ನು ಕಾಡಿತು. ಈ ಸಂಕಟದಿಂದ ಇಂದಿನ ಸಭೆಗಳು ಕಲಿಯಬೇಕಾದದ್ದು ಬಹಳವಿದೆ.

ಈ ಚಳವಳಿಯ ಹುಟ್ಟನ್ನು ಅಮೆರಿಕಕ್ಕೆ ಮಾತ್ರ ಬರೆದುಕೊಡುವುದು ಸರಿಯಲ್ಲ. ಅಜುಸಾಕ್ಕೆ ಹತ್ತು ತಿಂಗಳ ಮುಂಚೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಇಂಥದೇ ಪ್ರಾರ್ಥನೆಯ ಪ್ರವಾಹ ಎದ್ದಿತ್ತು. ಅದರ ನಡುವೆ ನಿಂತಿದ್ದ ಹೆಣ್ಣುಮಗಳು ಕರ್ನಾಟಕದ ನೆಲದಲ್ಲಿ ಹುಟ್ಟಿದವರು. ಪಂಡಿತಾ ರಮಾಬಾಯಿ 1858ರ ಏಪ್ರಿಲ್ 23ರಂದು ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ ಹುಟ್ಟುವ ಜಾಗವೆಂದು ಹೆಸರಾದದ್ದು ಆ ಗಂಗಾಮೂಲ. ಮುನಿರಾಬಾದಿನ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹಿಡಿದು ಗಂಗಾವತಿಯ ಗದ್ದೆಗೆ ಬರುವ ನೀರಿನ ಮೂಲವೂ ಆ ಬೆಟ್ಟಗಳೇ. ಹೆಂಡತಿಗೆ, ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜಾತಿಯವರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಅಲ್ಲಿ ಆಶ್ರಮ ಮಾಡಿಕೊಂಡಿದ್ದರು. ಕೂಸಿದ್ದಾಗಲೇ ರಮಾಬಾಯಿ ಮನೆಯವರ ಜೊತೆ ಊರೂರು ಅಲೆಯತೊಡಗಿದರು, ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು, 1878ರಲ್ಲಿ ಕಲ್ಕತ್ತೆಯ ಪಂಡಿತರಿಂದ ಸರಸ್ವತಿ ಎಂಬ ಬಿರುದು ಪಡೆದರು, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1896ರ ಬರಗಾಲದ ನಂತರ ಕೇಡಗಾಂವದ ಮುಕ್ತಿ ಸದನದಲ್ಲಿ ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು, ಎಳೆಯ ವಿಧವೆಯರನ್ನು ಸೇರಿಸಿಕೊಂಡರು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತ್ತು. ಮರಾಠಿ, ಹಿಂದಿ, ಗುಜರಾತಿ ಆಡುವ ಮಕ್ಕಳು ಒಂದೇ ಚಾವಡಿಯಲ್ಲಿ ಮಲಗಿ ಏಳುತ್ತಿದ್ದರು.

ವೇಲ್ಸ್ ದೇಶದಲ್ಲಿ 1904ರಲ್ಲಿ ನಡೆದ ಉಜ್ಜೀವನದ ಸುದ್ದಿ ಬಂದ ಮೇಲೆ, 1905ರ ಜನವರಿಯಲ್ಲಿ ರಮಾಬಾಯಿ ದಿನವೂ ಕೂಡಿ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಕೇಳಿದರು. ಎಪ್ಪತ್ತು ಮಂದಿ ಎದ್ದುನಿಂತರು. ಜೂನ್ ಹೊತ್ತಿಗೆ ದಿನಕ್ಕೆ ಎರಡು ಸಲ ಸೇರುವವರು 550 ಮಂದಿಯಾಗಿದ್ದರು. ಆ ತಿಂಗಳ ಕೊನೆಯಲ್ಲಿ ಹುಡುಗಿಯರ ಕೋಣೆಯಲ್ಲಿ ಒಬ್ಬಳು ಬೆಂಕಿ ಹತ್ತಿದಂತೆ ಕಂಡಳೆಂದೂ, ನೋಡಿದಾಕೆ ನೀರು ತರಲು ಓಡಿದಳೆಂದೂ ಅಲ್ಲಿದ್ದ ಅಮೆರಿಕದ ಕೆಲಸಗಾರ್ತಿ ಮಿನ್ನಿ ಅಬ್ರಾಮ್ಸ್ ಬರೆದಿದ್ದಾರೆ. ಮುಂದಿನ ದಿನಗಳಲ್ಲಿ ಅಳು, ಪಾಪದ ಅರಿಕೆ, ಗಂಟೆಗಟ್ಟಲೆ ನಿಲ್ಲದ ಪ್ರಾರ್ಥನೆ. 1906 ಮುಗಿಯುವ ಹೊತ್ತಿಗೆ ಅನ್ಯಭಾಷೆಯೂ ಕೇಳಿಸಿತು. ಇಂಗ್ಲಿಷ್ ಬಾರದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ದೇವರನ್ನು ಸ್ತುತಿಸುತ್ತಿದ್ದುದನ್ನು ಕೇಳಿದೆನೆಂದು ರಮಾಬಾಯಿ 1907ರಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದರು. ಅಬ್ರಾಮ್ಸ್ ಬರೆದ ಚಿಕ್ಕ ಪುಸ್ತಕ ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ಗೆಳತಿಯ ಕೈಸೇರಿತು. 1909ರಲ್ಲಿ ವಾಲ್ಪರೈಸೊ ಊರಿನಲ್ಲಿ ಎದ್ದ ಪೆಂತೆಕೊಸ್ತ್ ಚಳವಳಿಗೆ ಅದೂ ಒಂದು ಕಾರಣವಾಯಿತು.

ಇಲ್ಲಿ ಗಮನಿಸಬೇಕಾದದ್ದು ರಮಾಬಾಯಿಯವರ ನಿಲುವು. ಅವರು ಹುಡುಗಿಯರ ಪ್ರಾರ್ಥನೆಯನ್ನು ಗೇಲಿಯಿಂದ ಕಾಪಾಡಿದರು. ಬಿಳಿಯ ಮಿಷನರಿಗಳಲ್ಲಿ ಹಲವರು ಇದನ್ನು ಅತಿರೇಕ, ಉನ್ಮಾದ ಎಂದಾಗ, ಭಾರತದ ಹೆಣ್ಣುಮಕ್ಕಳು ತಮ್ಮ ಸ್ವಭಾವಕ್ಕೆ ಒಗ್ಗಿದಂತೆ ಅತ್ತು ಕರೆದು ಪ್ರಾರ್ಥಿಸುವುದನ್ನು ಪರದೇಶದ ಶಿಸ್ತಿನಿಂದ ಅಳೆಯಬೇಡಿ ಎಂಬ ಧಾಟಿಯಲ್ಲಿ ಉತ್ತರಿಸಿದರು. ಹಾಗೆಂದು ಅನ್ಯಭಾಷೆ ಬಾರದವರಿಗೆ ಆತ್ಮ ಸಿಕ್ಕಿಲ್ಲ ಎಂದೂ ಹೇಳಲಿಲ್ಲ. ಅದು ವರಗಳಲ್ಲಿ ಒಂದು, ಎಲ್ಲರಿಗೂ ಬೇಕೆಂದಿಲ್ಲ. ಅಬ್ರಾಮ್ಸ್ ಕೂಡ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಲಿಲ್ಲ.

ಇನ್ನೂ ದೊಡ್ಡ ಉತ್ತರ ರಮಾಬಾಯಿಯವರ ದಿನಚರಿಯಲ್ಲಿದೆ. ಪ್ರಾರ್ಥನಾಮಂದಿರದಲ್ಲಿ ಅರ್ಥವಾಗದ ಮಾತು ಮೊಳಗುತ್ತಿದ್ದ ಅದೇ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುವ ಕೆಲಸಕ್ಕೆ ಕೂತಿದ್ದರು. ಅದಾಗಲೇ ಇದ್ದ ಅನುವಾದ ಪಂಡಿತರ ಮರಾಠಿಯಲ್ಲಿತ್ತು. ರಮಾಬಾಯಿಗೆ ಬೇಕಾದದ್ದು ಹಳ್ಳಿಯ ಹೆಂಗಸು ಓದಿದರೆ ತಿಳಿಯುವ ಮರಾಠಿ. ಹದಿನೆಂಟು ಸಾವಿರ ಶ್ಲೋಕ ಬಾಯಲ್ಲಿದ್ದ ಪಂಡಿತೆ ಸಂಸ್ಕೃತದ ಭಾರವನ್ನು ಒಂದೊಂದೇ ಪದವಾಗಿ ಇಳಿಸುತ್ತ ಹೋದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು, ಮುದ್ರಣ ಯಂತ್ರ ನಡೆಸಿದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು; ಪೂರ್ಣ ಬೈಬಲ್ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ದೇವರಿಗೆ ಹೇಳುವಾಗ ಮಾತು ಅರ್ಥದ ಕಟ್ಟು ಬಿಟ್ಟು ಹೋದರೂ ಸರಿ, ನೆರೆಯವಳಿಗೆ ಹೇಳುವಾಗ ಅದು ಅವಳ ಅಡುಗೆಮನೆಯ ಭಾಷೆಯಲ್ಲೇ ಇರಬೇಕು ಎಂಬ ಪೌಲನ ನಿಯಮವನ್ನು ಇಷ್ಟು ಪ್ರಾಮಾಣಿಕವಾಗಿ ಬಾಳಿದವರು ಕಡಿಮೆ. ಅವರ ಮಗಳು ಮನೋರಮಾಬಾಯಿ 1910ರ ದಶಕದ ಆರಂಭದಲ್ಲಿ ನಿಜಾಮರ ಸೀಮೆಯ ಗುಲ್ಬರ್ಗಕ್ಕೆ ಬಂದು ಶಾಲೆ ತೆರೆಯಲು ದುಡಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೂಡ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದವು. ಮುಕ್ತಿಯ ಉಜ್ಜೀವನ ಕನ್ನಡ ನಾಡಿನ ಈ ಭಾಗಕ್ಕೆ ಮೊದಲು ಕಾಲಿಟ್ಟಾಗ ಅದರ ಕೈಯಲ್ಲಿದ್ದದ್ದು ಸ್ಲೇಟು ಬಳಪ.

ಪೆಂತೆಕೊಸ್ತ್ ಪ್ರಚಾರಕರೂ ಅದೇ ಹೊತ್ತಿಗೆ ಕರ್ನಾಟಕಕ್ಕೆ ಬಂದಿದ್ದರು. ಅಜುಸಾ ಕೂಟ ಕಂಡಿದ್ದ ಜಾರ್ಜ್ ಬರ್ಗ್ ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡು ಕೇರಳಕ್ಕೆ ಹೋಗಿಬರುತ್ತಿದ್ದರು. 1913ರಲ್ಲಿ ರಾಬರ್ಟ್ ಕುಕ್ ಬೆಂಗಳೂರಿಗೆ ಬಂದು ಮುಂದೆ ಕೇರಳದಲ್ಲಿ ನೆಲೆಸಿದರು. ಕಥೋಲಿಕರಲ್ಲಿ ಅನ್ಯಭಾಷೆಯ ಪ್ರಾರ್ಥನೆ ಹರಡಿದ್ದು 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ವಿದ್ಯಾರ್ಥಿಗಳ ಧ್ಯಾನಕೂಟದಿಂದ ಹೊರಟ ನವೀಕರಣ ಚಳವಳಿಯ ಮೂಲಕ. ಮಂಗಳೂರು ಕಡೆಯ ಮೂಲ್ಕಿಯ ಧ್ಯಾನಕೇಂದ್ರದಲ್ಲಿ ಅದು ಪರಿಚಿತ. ಗಂಗಾವತಿ ಸೀಮೆಗೆ ಈ ಪ್ರಾರ್ಥನೆ ಬಂದ ದಾರಿ ಇನ್ನೊಂದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಯಲ್ಲಿ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ನೆಲ ಕೊಂಡರು, ಕ್ಯಾಂಪುಗಳು ಹುಟ್ಟಿದವು. ಅವರೊಡನೆ ಭತ್ತವೂ ತೆಲುಗೂ ಬಂತು, ತೆಲುಗಿನ ಕ್ರೈಸ್ತ ಹಾಡುಗಳೂ ಬಂದವು.

ಅರ್ಥ ತಿಳಿಯದ ಮಾತಿನಲ್ಲಿ ಪ್ರಾರ್ಥಿಸುವುದು ಈ ಊರಿಗೆ ನಿಜಕ್ಕೂ ಅಪರಿಚಿತವೇ? ಬೆಳಗಿನ ಹೊತ್ತು ಇಲ್ಲಿನ ಗುಡಿಯಲ್ಲಿ ಸಂಸ್ಕೃತದ ಮಂತ್ರ, ಮಸೀದಿಯಲ್ಲಿ ಅರಬ್ಬಿ. ಕೈಮುಗಿದವರಲ್ಲಿ ಬಹುಮಂದಿಗೆ ಪದಪದದ ಅರ್ಥ ಗೊತ್ತಿಲ್ಲ, ಭಕ್ತಿಗೆ ಅದರಿಂದ ಕೊರತೆಯಾಗಿಲ್ಲ. ಕುಷ್ಟಗಿಯ ಆಚೆ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಜೆಸ್ವಿತ್ ಪಾದ್ರಿಗಳ ಕಾಲದ ಹಳೆಯ ಕಥೋಲಿಕ ಸಮುದಾಯವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1960ರ ದಶಕದಲ್ಲಿ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆಯುವವರೆಗೆ ಜಗತ್ತಿನ ಎಲ್ಲ ಲ್ಯಾಟಿನ್ ಕಥೋಲಿಕರ ಬಲಿಪೂಜೆಯಂತೆ ಅಲ್ಲಿನ ಪೂಜೆಯೂ ಲ್ಯಾಟಿನ್ನಿನಲ್ಲೇ ನಡೆಯಬೇಕಿತ್ತು. ಆದರೆ ಇವೆಲ್ಲ ನಿಶ್ಚಿತ ಪಾಠಗಳು. ಪುರೋಹಿತರನ್ನೋ ಮೌಲ್ವಿಯನ್ನೋ ಪಾದ್ರಿಯನ್ನೋ ಕೇಳಿದರೆ ಅರ್ಥ ಹೇಳುತ್ತಾರೆ. ಅನ್ಯಭಾಷೆಗೆ ಅಂಥ ಪಾಠವಿಲ್ಲ, ಅದು ಆ ಗಳಿಗೆಯಲ್ಲಿ ಹುಟ್ಟಿ ಆ ಗಳಿಗೆಯಲ್ಲೇ ಮುಗಿಯುತ್ತದೆ.

ಮೈಲಾರದ ಕಾರಣಿಕ ಇದಕ್ಕೆ ಇನ್ನೂ ಹತ್ತಿರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಹೂವಿನಹಡಗಲಿ ತಾಲೂಕಿನ ಮೈಲಾರದ ಡೆಂಕನಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಿದ್ದಂತೆ ಲಕ್ಷ ಜನ ಮೌನವಾಗುತ್ತಾರೆ. ಆಗ ಬರುವುದು ಒಂದೇ ಒಂದು ನುಡಿ. ಅದು ಕನ್ನಡವೇ, ಆದರೂ ನೇರವಾಗಿ ತಿಳಿಯುವುದಿಲ್ಲ. ಮಳೆಬೆಳೆಗೆ ಹೀಗೆ, ರಾಜಕೀಯಕ್ಕೆ ಹೀಗೆ ಎಂದು ಹಿರಿಯರು ಬಿಡಿಸುತ್ತಾರೆ, ಕೊಪ್ಪಳ ಜಿಲ್ಲೆಯ ರೈತರೂ ಅದಕ್ಕೆ ಕಿವಿಗೊಟ್ಟಿರುತ್ತಾರೆ. ನುಡಿ ಒಬ್ಬನದು, ಅರ್ಥ ಬಿಡಿಸುವ ಹೊಣೆ ಸಮುದಾಯದ್ದು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಪೌಲ ಕೇಳಿದ್ದೂ ಆ ಬಿಡಿಸುವ ಹೊಣೆಯನ್ನೇ. ಆದರೆ ಎರಡರ ದಿಕ್ಕು ಬೇರೆಬೇರೆ. ಕಾರಣಿಕ ದೈವದಿಂದ ಜನಕ್ಕೆ ಬರುವ ನುಡಿ, ಪೌಲ ವಿವರಿಸುವ ಅನ್ಯಭಾಷೆ ಮನುಷ್ಯನಿಂದ ದೇವರಿಗೆ ಹೋಗುವ ಮಾತು.

ಹುಲಿಗಿಯ ಹುಲಿಗೆಮ್ಮನ ಜಾತ್ರೆ ಕಂಡವರಿಗೆ ಮೈದುಂಬುವುದು ಗೊತ್ತು. ಅನ್ಯಭಾಷೆಯೂ ಅದೇ ಬಗೆಯದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪೌಲನ ನಿಯಮದಲ್ಲೇ ಇದಕ್ಕೆ ಉತ್ತರವಿದೆ: ಸರದಿ ಕಾಯಬಲ್ಲವನು, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಬಲ್ಲವನು, ತನ್ನ ಮೇಲೆ ಹಿಡಿತ ಉಳ್ಳವನಾಗಿರಲೇಬೇಕು. ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರೂ ಸಾಮಾನ್ಯವಾಗಿ ಹಾಗೇ ಹೇಳುತ್ತಾರೆ. ಬೇಕೆಂದಾಗ ತೊಡಗುತ್ತಾರೆ, ಬೇಡವೆಂದಾಗ ನಿಲ್ಲಿಸುತ್ತಾರೆ.

ವಿಜ್ಞಾನಿಗಳೂ ಇದನ್ನು ನೋಡಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ವಿಲಿಯಂ ಸಮರಿನ್ ಹಲವು ದೇಶಗಳ ಅನ್ಯಭಾಷೆಯ ಪ್ರಾರ್ಥನೆಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿ 1972ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಲಯವಿದೆ, ಏರಿಳಿತವಿದೆ, ವಾಕ್ಯದಂತೆ ನಿಂತು ಹೊರಡುವ ಚಲನೆಯಿದೆ. ಪದಕ್ಕೂ ಅರ್ಥಕ್ಕೂ ಇರಬೇಕಾದ ಕಟ್ಟು ಮಾತ್ರ ಇಲ್ಲ ಎಂದು ಕಂಡರು. ಧ್ವನಿಗಳು ಬಹುತೇಕ ಆಡುವವರಿಗೆ ಮೊದಲೇ ಪರಿಚಿತವಾದ ಭಾಷೆಯವೇ. ಈ ಲೆಕ್ಕದಲ್ಲಿ ಗಂಗಾವತಿಯ ವಿಶ್ವಾಸಿಯ ಅನ್ಯಭಾಷೆಯಲ್ಲಿ ಕೇಳುವುದು ಅವಳ ತಾಯಿನುಡಿಯ ಸ್ವರ, ವ್ಯಂಜನಗಳೇ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರೂ ನ್ಯೂಬರ್ಗ್ ಮತ್ತು ಸಂಗಡಿಗರು ಐವರು ಮಹಿಳೆಯರ ಮಿದುಳಿನ ರಕ್ತಸಂಚಾರವನ್ನು ಅಳೆದರು, ಒಮ್ಮೆ ಭಕ್ತಿಗೀತೆ ಹಾಡುವಾಗ, ಒಮ್ಮೆ ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ. ಅನ್ಯಭಾಷೆಯ ಹೊತ್ತಿನಲ್ಲಿ, ಉದ್ದೇಶಪೂರ್ವಕ ನಿಯಂತ್ರಣಕ್ಕೆ ಸಂಬಂಧಿಸಿದ ಮುಂಭಾಗದ ಚಟುವಟಿಕೆ ಇಳಿದಿತ್ತು. ಮಾತನ್ನು ತಾವು ನಡೆಸುತ್ತಿಲ್ಲ, ಅದು ತಾನಾಗಿ ಬರುತ್ತಿದೆ ಎಂದು ಆ ಮಹಿಳೆಯರು ಹೇಳಿದ್ದಕ್ಕೆ ಇದು ಹೊಂದುತ್ತದೆ. ಐವರ ಅಧ್ಯಯನದಿಂದ ಬಹಳ ದೂರ ಹೋಗಲಾಗದು. ಅದು ದೇವರಿಂದ ಬಂದದ್ದೋ ಅಲ್ಲವೋ ಎಂಬುದು ಯಂತ್ರ ಹೇಳುವ ಸಂಗತಿಯೂ ಅಲ್ಲ.

ಹಾಗಾದರೆ ಅರ್ಥವಿಲ್ಲದ ಮಾತಿಗೆ ಪ್ರಾರ್ಥನೆಯಲ್ಲಿ ಏನು ಕೆಲಸ? ಇದಕ್ಕೆ ಅತ್ಯಂತ ಸುಂದರ ಉತ್ತರ ಕೊಟ್ಟವರು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ಸುಮಾರು 1,600 ವರ್ಷದ ಹಿಂದೆ. ಅನ್ಯಭಾಷೆಯ ವರ ಆದಿಸಭೆಯ ಕಾಲಕ್ಕೇ ಮುಗಿಯಿತು ಎಂದು ತಿಳಿದಿದ್ದವರು ಅವರು. ಆದರೂ ಕೀರ್ತನೆಗಳ ಮೇಲಿನ ಪ್ರವಚನವೊಂದರಲ್ಲಿ, ಸುಗ್ಗಿಯ ಹೊಲದಲ್ಲಿ, ದ್ರಾಕ್ಷಿತೋಟದಲ್ಲಿ ಕೆಲಸ ಮಾಡುವವರ ಹಾಡನ್ನು ವಿವರಿಸುತ್ತಾರೆ. ಅವರು ಮೊದಲು ಪದಗಳಲ್ಲಿ ಹಾಡುತ್ತಾರೆ. ಸಂತೋಷ ಹೆಚ್ಚಿದಂತೆ ಪದ ಸಾಲದಾಗುತ್ತದೆ, ಅಕ್ಷರಗಳನ್ನು ಬಿಟ್ಟು ಬರೀ ದನಿಗೆ ಹೊರಳುತ್ತಾರೆ. ಹೇಳಲಾಗದವನ ಮುಂದೆ ಸುಮ್ಮನಿರಲೂ ಆಗದಿದ್ದಾಗ ಉಳಿಯುವುದು ಆ ದನಿಯೊಂದೇ ಎಂಬುದು ಅವರ ಮಾತಿನ ಸಾರ. ಗಂಗಾವತಿಯ ಗದ್ದೆಯಲ್ಲಿ ಸಾಲಾಗಿ ಬಾಗಿ ನಾಟಿ ಹಚ್ಚುವ ಹೆಂಗಸರ ಹಾಡು ಕೇಳಿದವರಿಗೆ ಅಗಸ್ಟೀನರ ಈ ಮಾತಿಗೆ ಭಾಷ್ಯ ಬೇಕಿಲ್ಲ. ಹಾಡಿನ ಪದಗಳ ನಡುನಡುವೆ ಬರುವ ‘ಸುವ್ವೀ’, ‘ಹೋ’ಗಳಿಗೆ ಯಾರೂ ಅರ್ಥ ಕೇಳುವುದಿಲ್ಲ.

ದುಃಖದ್ದೂ ಹೀಗೆಯೇ. ರೋಮಾಪುರದವರಿಗೆ ಬರೆದ ಕಾಗದದ 8ನೆಯ ಅಧ್ಯಾಯದಲ್ಲಿ ಪೌಲ, ಏನು ಬೇಡಬೇಕೆಂದೇ ತಿಳಿಯದ ಮನುಷ್ಯನ ಪರವಾಗಿ ಆತ್ಮನು ಮಾತಿಗೆ ಸಿಗದ ನರಳಾಟದಿಂದ ಬೇಡುತ್ತಾನೆ ಎನ್ನುತ್ತಾನೆ. ಮಗುವನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದ ತಾಯಿ, ಸಾಲಗಾರರ ಕಾಟದಿಂದ ನಿದ್ದೆಗೆಟ್ಟ ಗೇಣಿ ರೈತ, ತವರಿಗೂ ಗಂಡನ ಮನೆಗೂ ಬೇಡವಾದ ಹೆಣ್ಣು, ಇವರು ದೇವರ ಮುಂದೆ ಕೂತಾಗ ವಾಕ್ಯ ಕೂಡಿಬರುವುದಿಲ್ಲ. ಓದು ಬಾರದವರಿಗೆ ಚೆಂದವಾಗಿ ಪ್ರಾರ್ಥಿಸಬೇಕೆಂಬ ಅಂಜಿಕೆ ಬೇರೆ. ಪಾಸ್ಟರರ ಹಾಗೆ ನಿರರ್ಗಳವಾಗಿ ಬೇಡಲು ಬಾರದ ಹೆಣ್ಣುಮಗಳು ಅನ್ಯಭಾಷೆಯಲ್ಲಿ ಆ ಅಂಜಿಕೆ ಕಳೆದುಕೊಳ್ಳುತ್ತಾಳೆ. ಮುಕ್ತಿ ಸದನದಲ್ಲಿ ಮೊದಲು ದನಿಯೆತ್ತಿದ್ದು ಬರಗಾಲದಲ್ಲಿ ಎಲ್ಲರನ್ನೂ ಕಳೆದುಕೊಂಡು ಬಂದ ಹುಡುಗಿಯರು. ಅಜುಸಾದಲ್ಲಿ ಮನೆಗೆಲಸದವರು, ಕೂಲಿಗಳು. ಮಾತು ಯಾರ ಸ್ವತ್ತಾಗಿರಲಿಲ್ಲವೋ ಅವರಿಗೇ ಈ ಮಾತು ಮೊದಲು ಬಂದದ್ದನ್ನು ಇತಿಹಾಸ ಬರೆಯುವವರು ಹಗುರವಾಗಿ ದಾಟಬಾರದು. ಇಂದಿನ ಕಾಲದಲ್ಲೂ ಅನ್ಯಭಾಷೆಯ ಮುಖ್ಯ ಉದ್ದೇಶ ಇದು: ಮಾತು ಸೋತಲ್ಲಿ ಪ್ರಾರ್ಥನೆ ಸೋಲದಂತೆ ನೋಡಿಕೊಳ್ಳುವುದು.

ಕೇಡು ಶುರುವಾಗುವುದು ಇದನ್ನು ಅಳತೆಗೋಲು ಮಾಡಿದಾಗ. ಒಂದೇ ಸ್ತೋತ್ರಪದವನ್ನು ಬೇಗಬೇಗ ಹೇಳಿಸಿ ನಾಲಗೆ ತೊಡರಿದ ಕೂಡಲೇ ಅಭಿಷೇಕವಾಯಿತು ಎಂದು ಘೋಷಿಸುವ ಪದ್ಧತಿ ಕೆಲವು ಕಡೆ ಇದೆ. ಹದಿಹರೆಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಂದವರನ್ನು ಒಂದು ಕಡೆ, ಬಾರದವರನ್ನು ಇನ್ನೊಂದು ಕಡೆ ಮಾಡಿದರೆ, ಬಾರದ ಮಗು ತನ್ನಲ್ಲೇ ಏನೋ ಪಾಪವಿದೆ ಎಂದು ಕೊರಗುತ್ತದೆ, ಇಲ್ಲವೇ ಪಕ್ಕದವನ ಉಲಿಯನ್ನು ಕಲಿತು ಒಪ್ಪಿಸುತ್ತದೆ. ಎರಡೂ ಆ ಮಗುವಿಗೆ ಮಾಡುವ ಅನ್ಯಾಯ. ಪೆಂತೆಕೊಸ್ತ್ ಜನರೆಲ್ಲ ಅನ್ಯಭಾಷೆ ಆಡುತ್ತಾರೆ ಎಂಬುದೂ ನಿಜವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2006ರಲ್ಲಿ ಹತ್ತು ದೇಶಗಳಲ್ಲಿ ಸಮೀಕ್ಷೆ ಮಾಡಿತು, ಭಾರತದ ಕೆಲವು ಭಾಗಗಳೂ ಅದರಲ್ಲಿದ್ದವು. ಹತ್ತರಲ್ಲಿ ಆರು ದೇಶಗಳಲ್ಲಿ ಪೆಂತೆಕೊಸ್ತರಲ್ಲೇ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ತಾವು ಅನ್ಯಭಾಷೆಯಲ್ಲಿ ಎಂದೂ ಪ್ರಾರ್ಥಿಸಿಲ್ಲ ಎಂದರು. ಈ ಅಂಕಿಯನ್ನು ಸಭೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಎಷ್ಟೋ ಮಕ್ಕಳ ಮನಸ್ಸಿನ ಭಾರ ಇಳಿಯುತ್ತದೆ.

ಇನ್ನೊಂದು ಕೇಡು, ಅರ್ಥ ಹೇಳುವ ಹೆಸರಿನಲ್ಲಿ ಆಜ್ಞೆ ಹೇಳುವುದು. ಅನ್ಯಭಾಷೆ ದೇವರಿಗೆ ಆಡಿದ ಮಾತಾದರೆ ಅದರ ಅರ್ಥವೂ ಸ್ತುತಿಯೋ ಬೇಡಿಕೆಯೋ ಆಗಿರಬೇಕು. ಇಂಥವರು ಇಂಥ ಹುಡುಗನನ್ನು ಮದುವೆಯಾಗಲಿ, ಔಷಧ ಬಿಡಲಿ, ಇಷ್ಟು ಕಾಣಿಕೆ ಕೊಡಲಿ ಎಂದು ಅರ್ಥ ಹೊರಟರೆ ಕೇಳಿದವರು ಎದ್ದು ಪ್ರಶ್ನಿಸಬೇಕು. ಆಡಿದ್ದನ್ನು ಉಳಿದವರು ತೂಗಿ ನೋಡಲಿ ಎಂದು ಅದೇ 14ನೆಯ ಅಧ್ಯಾಯ ಸಭೆಗೆ ಅಧಿಕಾರ ಕೊಟ್ಟಿದೆ.

ಗಂಗಾವತಿಯ ಸಭೆಗಳಿಗೆ ಈ ಕೆಲಸ ಕಷ್ಟವೇನಲ್ಲ, ದುಭಾಷಿ ಇಲ್ಲಿನ ಕೂಟಗಳಿಗೆ ಪರಿಚಿತ ವ್ಯಕ್ತಿ. ಆಂಧ್ರದಿಂದ ಬಂದ ಬೋಧಕರು ತೆಲುಗಿನಲ್ಲಿ ಒಂದು ವಾಕ್ಯ ಹೇಳುತ್ತಾರೆ, ಪಕ್ಕದಲ್ಲಿ ನಿಂತವರು ಅದನ್ನು ಕನ್ನಡಕ್ಕೆ ತಿರುಗಿಸುತ್ತಾರೆ. ಹಿಂದಿನ ಸಾಲಿನ ಅಜ್ಜಿಗೂ ತಿಳಿಯಲೆಂದು ಅಷ್ಟು ಕಾಳಜಿ ಇರುತ್ತದೆ. ನದಿಯಾಚೆಯ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1810ರಿಂದ ಕನ್ನಡ ಕಲಿತು, ಸಂಗಡಿಗರೊಂದಿಗೆ ದುಡಿದು, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದ್ದು ಇಂಥದೇ ಕಾಳಜಿಯಿಂದ, ಇಪ್ಪತ್ತು ವರ್ಷದ ಬೆವರಿನಿಂದ. ಅದೇ ಕಾಳಜಿ ಅನ್ಯಭಾಷೆಯ ಹೊತ್ತಿಗೂ ಬರಲಿ. ಮೈಕಿನ ಮುಂದೆ ಆಡುವವರು ಅರ್ಥ ಹೇಳುವವರನ್ನು ಮೊದಲೇ ಕೇಳಿಕೊಳ್ಳಲಿ, ಇಲ್ಲದಿದ್ದರೆ ಮೈಕು ಆರಿಸಿ ತಮ್ಮ ಜಾಗದಲ್ಲಿ ಕೂತು ಮೆಲುದನಿಯಲ್ಲಿ ಪ್ರಾರ್ಥಿಸಲಿ. ಹೊಸಬರು ಬಂದ ದಿನ ಇದು ಏನು, ಯಾಕೆ ಎಂದು ಪಾಸ್ಟರರು ಎರಡು ಮಾತು ಕನ್ನಡದಲ್ಲಿ ವಿವರಿಸಲಿ. ಉಪವಾಸ ಕೂಟದಲ್ಲಿ ಅತ್ತು ಅನ್ಯಭಾಷೆಯಲ್ಲಿ ಪ್ರಾರ್ಥಿಸಿದಾಕೆಯನ್ನು ಕೂಟ ಮುಗಿದ ಮೇಲೆ ಹಿರಿಯ ಹೆಣ್ಣುಮಗಳೊಬ್ಬರು ಪಕ್ಕಕ್ಕೆ ಕರೆದು, ಏನವ್ವಾ ನಿನ್ನ ಕಷ್ಟ ಎಂದು ಕೇಳಲಿ.